ಸ್ವೇದಗ್ರಂಥಿಗಳ ವಿರಳ ಗಂತಿಗಳು: ವರ್ಗೀಕರಣದ ಒಂದು ವಿಮರ್ಶೆ

ಚರ್ಮದ ಗಂತಿಗಳನ್ನು ಕುರಿತ ಯಾವ ಗ್ರಂಥವನ್ನು ತೆರೆದರೂ ಸ್ವೇದಗ್ರಂಥಿಗಳ ಅಧ್ಯಾಯಕ್ಕೆ ಬಂದೊಡನೆ ವಿದ್ಯಾರ್ಥಿಯ ಉತ್ಸಾಹ ಕುಗ್ಗುವುದನ್ನು ನಾವು ಬಲ್ಲೆವು. ಗಂತಿಗಳು ವಿರಳ, ಹೆಸರುಗಳು ಮಾತ್ರ ವಿಪುಲ. ಒಂದೇ ಗಂತಿಗೆ ನಾಲ್ಕೈದು ಹೆಸರುಗಳುಂಟು. ಹೆಸರೊಂದೊಂದರ ಬೆನ್ನಿಗೂ ಒಂದು ಸಿದ್ಧಾಂತವುಂಟು. ಈ ಗೊಂದಲಕ್ಕೆ ಗಂತಿಗಳ ವೈಚಿತ್ರ್ಯವೇ ಕಾರಣವೆಂದು ಹೇಳುವುದು ವಾಡಿಕೆ. ಅದು ಅರ್ಧ ಸತ್ಯವೆಂದೂ ಉಳಿದರ್ಧದ ಹೊಣೆ ಹೆಸರಿಟ್ಟವರದೆಂದೂ ನಮ್ಮ ಅಭಿಪ್ರಾಯ.

ಹಿಡ್ರಡಿನೋಮದ ಚರಿತ್ರೆಯನ್ನೇ ತೆಗೆದುಕೊಳ್ಳೋಣ. ಚರ್ಮದ ಒಳಪದರದಲ್ಲಿ ಬೆಳೆಯುವ ಈ ಗಂಟಿನಲ್ಲಿ ತಿಳಿಯಾದ ಒಡಲುಳ್ಳ ಜೀವಕಣಗಳು ಹಲವು ವೇಳೆ ಎದ್ದು ಕಾಣುತ್ತವೆ. 1952ರಲ್ಲಿ ಲೀವರ್ ಮತ್ತು ಕ್ಯಾಸಲ್‌ಮನ್ ಅವರು ಅವನ್ನು ಗ್ರಂಥಿಯನ್ನು ಹಿಂಡುವ ಸ್ನಾಯುಸ್ವಭಾವದ ಕಣಗಳೆಂದು ಬಗೆದು ಗಂತಿಗೆ ತಿಳಿಕಣದ ಮಯೋಎಪಿಥೀಲಿಯೋಮವೆಂದು ಹೆಸರಿಟ್ಟರು. 1954ರಲ್ಲಿ ಕೀಸ್‌ಬಿ ಮತ್ತು ಹ್ಯಾಡ್ಲಿ ಅವರು ದೇಹದಲ್ಲೆಲ್ಲ ಹರಡಿದ್ದ ಮೂರು ಪ್ರಕರಣಗಳನ್ನು ತಿಳಿಕಣದ ಹಿಡ್ರಡಿನೋಮವೆಂಬ ಹೆಸರಿನಲ್ಲಿ ವರದಿಮಾಡಿದರು. 1969ರಲ್ಲಿ ಜಾನ್ಸನ್ ಮತ್ತು ಹೆಲ್ವಿಗ್ ಅವರು ಎಕ್ರಿನ್ ಅಕ್ರೋಸ್ಪೈರೋಮ ಎಂದರು. ಮೊದಲನೆಯ ಹೆಸರಿನ ಆಧಾರ ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಮೂರನೆಯದರ ‘ಎಕ್ರಿನ್’ ಎಂಬ ವಿಶೇಷಣಕ್ಕೂ ಬಹುಪಾಲು ಗಂತಿಗಳ ಮಟ್ಟಿಗೆ ಇಂದು ಮಾನ್ಯತೆಯಿಲ್ಲ. ಎರಡನೆಯದು ಬೆವರಿನ ಗ್ರಂಥಿಯೆಂಬಷ್ಟನ್ನೇ ಹೇಳಿ ಸುಮ್ಮನಾಯಿತು, ಅದೇ ಬಾಳಿತು. (ಗ್ರೀಕಿನಲ್ಲಿ ‘ಹಿಡ್ರೋಸ್’ ಎಂದರೆ ಬೆವರು, ‘ಹೈಡೋರ್’ ಎಂದರೆ ನೀರು. ಇಂಗ್ಲಿಷಿನಲ್ಲಿ ಬರೆಯುವವರೇ ಇವೆರಡನ್ನು ಬೆರಸಿಬಿಡುವುದುಂಟು. ಕನ್ನಡದಲ್ಲಿ ‘ಹೈಡ್ರ’ ಎಂದು ಬರೆದರೆ ಬೆವರು ನೀರಾಗಿಬಿಡುತ್ತದೆ. ಆದಕಾರಣ ನಾವು ‘ಹಿ’ಕಾರವನ್ನು ಉಳಿಸಿಕೊಂಡಿದ್ದೇವೆ.)

ಎಕ್ರಿನ್, ಅಪೋಕ್ರಿನ್ ಎಂಬ ವಿಭಾಗವನ್ನು 1922ರಲ್ಲಿ ಮಾಡಿದವರು ಷೀಫರ್‌ಡೆಕರ್. ಎಕ್ರಿನ್ ಗ್ರಂಥಿಗಳು ಮೈಯೆಲ್ಲ ಹರಡಿವೆ. ಅಂಗೈ ಅಂಗಾಲುಗಳಲ್ಲಿ ದಟ್ಟವಾಗಿವೆ. ಅಪೋಕ್ರಿನ್ ಗ್ರಂಥಿಗಳು ರೋಮಕೂಪಕ್ಕೆ ಅಂಟಿಕೊಂಡು ಮುಖ್ಯವಾಗಿ ಕಂಕುಳು, ಗುಹ್ಯಪ್ರದೇಶ, ಸ್ತನಾಗ್ರದ ಸುತ್ತ ಇವೆ. ಆರೋಗ್ಯದ ಚರ್ಮಕ್ಕೆ ಒಪ್ಪುವ ಈ ವಿಭಾಗವನ್ನು ಗಂತಿಗಳೂ ಪಾಲಿಸಬೇಕೆಂದು ಅಪೇಕ್ಷಿಸಿದ್ದೇ ತೊಡಕಿಗೆ ಮೂಲ. ಕಳೆದ ಶತಮಾನದ ಅರವತ್ತರ ದಶಕದಲ್ಲಿ ಕಿಣ್ವಗಳ ಪರೀಕ್ಷೆ ಬಂದಿತು. ಫಾಸ್ಫೊರಿಲೇಸ್ ಹೇರಳವಾಗಿದ್ದ ಗಂತಿಗಳೆಲ್ಲ ಎಕ್ರಿನ್ ಪಂಕ್ತಿಗೆ ಸೇರಿದವು. ಬಳಿಕ ಅಕರ್‌ಮನ್ನರ ಪಂಥ ಎದ್ದಿತು. ರೋಮಕೂಪ, ಮೇದೋಗ್ರಂಥಿ, ಅಪೋಕ್ರಿನ್ ಗ್ರಂಥಿ ಮೂರೂ ಭ್ರೂಣದಲ್ಲಿ ಒಂದೇ ಮೊಳಕೆಯಿಂದ ಹುಟ್ಟುತ್ತವೆ. ಆದ್ದರಿಂದ ರೋಮದ ಅಥವಾ ಮೇದಸ್ಸಿನ ಅಂಶ ಬೆರೆತ ಸ್ವೇದಗಂತಿ ಅಪೋಕ್ರಿನ್ನೇ ಆಗಿರಬೇಕೆಂಬುದು ಅವರ ವಾದ. ರೆಕ್ವೆನ, ಕಿರ್ಯು, ಅಕರ್‌ಮನ್ ಅವರ 1998ರ ಗ್ರಂಥದಲ್ಲಿ ಎಕ್ರಿನ್ ಎನಿಸಿಕೊಂಡಿದ್ದ ಗಂತಿಗಳು ಸಾಲುಸಾಲಾಗಿ ಅಪೋಕ್ರಿನ್ ಪಕ್ಷಕ್ಕೆ ಸಂದಿವೆ.

ಈ ಎರಡರಲ್ಲಿ ಎರಡನೆಯ ವಾದವೇ ಬಲವುಳ್ಳದ್ದೆಂದು ನಾವು ತಿಳಿಯುತ್ತೇವೆ. ಬ್ರೂಕ್–ಸ್ಪೀಗ್ಲರ್ ಎಂಬ ಆನುವಂಶಿಕ ವ್ಯಾಧಿಯಲ್ಲಿ ಒಬ್ಬನೇ ರೋಗಿಯ ಮುಖ ನೆತ್ತಿಗಳ ಮೇಲೆ ಸಿಲಿಂಡ್ರೋಮ, ಸ್ಪೈರಡಿನೋಮ ಮತ್ತು ರೋಮಮೂಲದ ಟ್ರೈಕೋಎಪಿಥೀಲಿಯೋಮಗಳು ಜೊತೆಜೊತೆಗೆ ಹುಟ್ಟುತ್ತವೆ; ಇವುಗಳ ನಂಟನ್ನು ಕಿಣ್ವಪಂಥ ವಿವರಿಸಲಾರದು. ಆದರೆ ಅಂಗಾಲಿನಲ್ಲಿ ಬೆಳೆಯುವ ಪೋರೋಮದ ಮುಂದೆ ಅಕರ್‌ಮನ್ನರ ಪಂಥವೂ ತಡವರಿಸಬೇಕಾಗುತ್ತದೆ. ಅಲ್ಲಿ ರೋಮವೂ ಇಲ್ಲ, ಅಪೋಕ್ರಿನ್ ಗ್ರಂಥಿಯೂ ಇಲ್ಲ. 2006ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಎರಡು ಬಗೆಯನ್ನೂ ಒಂದೇ ಶೀರ್ಷಿಕೆಯಡಿ ತಂದಿತು. ಇದನ್ನು ಸೋಲೆಂದು ಬಗೆಯುವವರಿರಬಹುದು. ನಮಗೆ ಇದು ಪ್ರಾಮಾಣಿಕತೆಯಾಗಿ ಕಾಣುತ್ತದೆ.

ಜೀನುಗಳ ಸಾಕ್ಷ್ಯ ಬಂದ ಮೇಲಂತೂ ಹಳೆಯ ವಿವಾದದ ಕಾವು ಇಳಿದಿದೆ. ಸಿಲಿಂಡ್ರೋಮಕ್ಕೆ ಕಾರಣವಾದ ಸಿವೈಎಲ್‌ಡಿ ಜೀನು 2000ದಲ್ಲಿ ಗುರುತಾಯಿತು. ಪೋರೋಮದಲ್ಲಿ ವೈಎಪಿ1 ಜೀನು ಅನ್ಯ ಜೀನಿನೊಡನೆ ಬೆಸೆದುಕೊಳ್ಳುವುದು 2019ರಲ್ಲಿ ತಿಳಿದುಬಂದಿತು. ಹಿಡ್ರಡಿನೋಮಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕಾಣುವ ಬೆಸುಗೆಯೋ, ಲಾಲಾಗ್ರಂಥಿಯ ಒಂದು ಏಡಿಗಂತಿಯಲ್ಲೂ ಇದೆ.

ಇದೆಲ್ಲ ಪಂಡಿತರ ಕಲಹವೆಂದು ವಾಚಕರು ಬೇಸರಿಸಬಾರದು. ರೋಗಿಗೆ ಇದರಿಂದ ಆಗುವ ಲಾಭನಷ್ಟವನ್ನು ಹೇಳುವುದಕ್ಕಾಗಿಯೇ ಇಷ್ಟು ಬರೆದೆವು. ಗಂತಿ ಎಕ್ರಿನ್ನೋ ಅಪೋಕ್ರಿನ್ನೋ ಎಂಬುದರಿಂದ ಚಿಕಿತ್ಸೆ ಬದಲಾಗುವುದು ವಿರಳ. ಸೌಮ್ಯವೋ ಮಾರಕವೋ, ಚರ್ಮದಲ್ಲೇ ಹುಟ್ಟಿತೋ ಬೇರೆಡೆಯಿಂದ ಬಂದಿತೋ ಎಂಬುದರಿಂದ ಎಲ್ಲವೂ ಬದಲಾಗುತ್ತದೆ. 1982ರಲ್ಲಿ ಗೋಲ್ಡ್‌ಸ್ಟೀನ್, ಬಾರ್, ಸಾಂಟಾಕ್ರೂಜ್ ಅವರು ವಿವರಿಸಿದ ಮೈಕ್ರೋಸಿಸ್ಟಿಕ್ ಅಡ್ನೆಕ್ಸಲ್ ಕಾರ್ಸಿನೋಮವನ್ನು ನೋಡಿ. ಮೇಲ್ತುಟಿಯ ಸುತ್ತ, ಕೆನ್ನೆಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಇದರ ಮೇಲ್ಭಾಗ ಸಿರಿಂಗೋಮವೆಂಬ ನಿರಪಾಯದ ಗಂತಿಯಂತೆಯೇ ತೋರುತ್ತದೆ. ಜೀವಕಣಗಳಲ್ಲಿ ಭಯಹುಟ್ಟಿಸುವ ವಿಕಾರವೇನೂ ಇಲ್ಲ. ಆಳದಲ್ಲಿ ಮಾತ್ರ ಅದು ನರಗಳನ್ನು ಸುತ್ತಿಕೊಂಡು ಮುಂದುವರಿದಿರುತ್ತದೆ. ತೆಳ್ಳಗೆ ಹೆರೆದ ತುಣುಕನ್ನು ನೋಡಿ ಸಿರಿಂಗೋಮವೆಂದು ಬರೆದುಕೊಟ್ಟರೆ ರೋಗಿ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ವರ್ಷಗಳ ಮೇಲೆ ಹಿಂದಿರುಗುವಾಗ ಮುಖದ ಬಹುಭಾಗವನ್ನು ಕೊಯ್ಯಬೇಕಾಗಿ ಬಂದೀತು. ಸಿರಿಂಗೋಮಗಳು ಸಾಮಾನ್ಯವಾಗಿ ಹಲವು, ಕಣ್ಣುರೆಪ್ಪೆಯ ಕೆಳಗೆ. ಒಂಟಿ ಗಂಟಿಗೆ ಆ ಹೆಸರಿಡುವ ಮುನ್ನ ಕೈ ತಡೆಯಬೇಕು.

ಸ್ತನದ ಏಡಿಗಂತಿ ಚರ್ಮಕ್ಕೆ ಹರಡಿದಾಗ ಅದು ಸ್ವೇದಗ್ರಂಥಿಯ ಏಡಿಗಂತಿಯನ್ನು ಎಷ್ಟು ಹೋಲುತ್ತದೆಂದರೆ ಸೂಕ್ಷ್ಮದರ್ಶಕವೊಂದೇ ಸಾಲದು. ಪಿ63 ಮತ್ತು ಪೊಡೊಪ್ಲಾನಿನ್ ಲೇಪಗಳು ಚರ್ಮದಲ್ಲೇ ಹುಟ್ಟಿದ ಗಂತಿಯ ಪರವಾಗಿ ನುಡಿಯುತ್ತವೆ; ಆದರೆ ಅಪವಾದಗಳುಂಟು, ಮತ್ತು ರೋಗಿಯ ಪೂರ್ವಚರಿತ್ರೆಯನ್ನು ಕೇಳದೆ ಲೇಪಗಳನ್ನಷ್ಟೇ ನಂಬುವವರ ಬಗೆಗೆ ನಮಗೆ ಗೌರವ ಕಡಮೆ. ನಮ್ಮ ವಿದ್ಯಾರ್ಥಿಗಳು ಮೇಲ್ಪದರದ ತುಣುಕನ್ನಷ್ಟೇ ಕಂಡಾಗ ‘ನಾಳರೂಪದ ಗಂತಿ, ತಳ ಕಾಣುತ್ತಿಲ್ಲ, ಆಳದ ತುಣುಕನ್ನು ಕಳುಹಿಸಿ’ ಎಂದು ಬರೆಯಲಿ. ಗ್ರೀಕ್ ಹೆಸರು ಎರಡನೆಯ ವರದಿಯಲ್ಲಿ ಬರಬಹುದು.