ಪಾದಪೂಜೆ ಸಾಕು, ಹೋಮ್‌ವರ್ಕ್ ಇರಲಿ

ಗುಲಾಬಿ ಸೀರೆ ಉಟ್ಟು, ಹೆಗಲಿಗೆ ಬ್ಯಾಗು ಏರಿಸಿಕೊಂಡು ಸಾಲಾಗಿ ಶಾಲೆಗೆ ಹೊರಟ ಅಜ್ಜಿಯರ ಫೋಟೊವನ್ನು ಒಮ್ಮೆಯಾದರೂ ನೋಡಿರುತ್ತೀರಿ. ಅದು ಮಹಾರಾಷ್ಟ್ರದ ಠಾಣೆ ಜಿಲ್ಲೆ, ಮುರಬಾಡ ತಾಲ್ಲೂಕಿನ ಫಾಂಗಣೆ ಎಂಬ ಸಣ್ಣ ಹಳ್ಳಿಯ ‘ಆಜೀಬಾಯಿಂಚಿ ಶಾಳಾ’. ಜಿಲ್ಲಾ ಪರಿಷತ್ ಶಾಲೆಯ ಮೇಷ್ಟ್ರು ಯೋಗೇಂದ್ರ ಬಾಂಗರ್ ಅವರು ಟ್ರಸ್ಟೊಂದರ ನೆರವಿನಿಂದ 2016ರ ಮಾರ್ಚ್ 8ರಂದು, ಮಹಿಳಾ ದಿನಕ್ಕೆ ಸರಿಯಾಗಿ, ಇದನ್ನು ಶುರುಮಾಡಿದರು. ಅದೇ ವರ್ಷದ ಶಿವಾಜಿ ಜಯಂತಿಯಲ್ಲಿ ಊರಿನ ವಯಸ್ಸಾದ ಹೆಂಗಸರು, ನಮಗೂ ಓದಲು ಬಂದಿದ್ದರೆ ಪೋಥಿಯನ್ನು (ಧರ್ಮಗ್ರಂಥ) ನಾವೇ ಓದಿಕೊಳ್ಳುತ್ತಿದ್ದೆವು ಎಂದು ಹೇಳಿಕೊಂಡದ್ದು ಇದಕ್ಕೆ ಮೂಲ. ಅರವತ್ತರಿಂದ ತೊಂಬತ್ತರ ನಡುವಿನ ಸುಮಾರು 30 ಮಂದಿ. ಮನೆಗೆಲಸ, ಹೊಲದ ಕೆಲಸ ಮುಗಿದ ಮೇಲೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಪಾಠ. ಪಾಠ ಹೇಳುವಾಕೆ ಅದೇ ಊರಿನ ಸೊಸೆ. ಆಕೆಯ ಅತ್ತೆಯೂ ಅದೇ ಕೋಣೆಯಲ್ಲಿ ಸ್ಲೇಟು ಹಿಡಿದು ಕೂರುತ್ತಾರೆ.

ಪತ್ರಿಕೆ, ಟಿವಿಯವರಿಗೆ ಇಷ್ಟು ಸಾಕಾಯಿತು. ಆದರೆ ಈ ಪ್ರಯೋಗದ ಅಸಲು ಬಂಡವಾಳ ಇರುವುದು ನಾಲ್ಕು ಗಂಟೆಯ ನಂತರ, ಅಜ್ಜಿಯರು ಮನೆಗೆ ಬಂದ ಮೇಲೆ. ಕೊಟ್ಟ ಹೋಮ್‌ವರ್ಕನ್ನು ಅವರು ಒಬ್ಬರೇ ಮಾಡಿ ಮುಗಿಸಲಾರರು. ಪಕ್ಕದಲ್ಲಿ ತನ್ನ ಪುಸ್ತಕ ಹರಡಿಕೊಂಡು ಕೂತ ಮೊಮ್ಮಗುವೇ ಗತಿ. ಬಳಪ ಹೀಗಲ್ಲ ಹಾಗೆ ಹಿಡಿ ಎಂದು ಮಗು ತಿದ್ದಬೇಕು, ನಿನ್ನೆ ಹೇಳಿಕೊಟ್ಟ ಅಕ್ಷರ ಇವತ್ತು ಮರೆತರೆ ಗದರಬೇಕು. ಗದರಿಸಿಕೊಂಡ ಅಜ್ಜಿ ಸುಮ್ಮನೆ ಬಿಡುತ್ತಾಳೆಯೇ? ನಿನ್ನ ಮಗ್ಗಿ ಎಷ್ಟು ಬಂತು ಹೇಳು ನೋಡೋಣ ಎಂದು ತಿರುಗಿ ಬೀಳುತ್ತಾಳೆ. ಇಲ್ಲಿ ಯಾರೂ ಯಾರನ್ನೂ ಉದ್ಧರಿಸಲು ಬಂದಿಲ್ಲ. ಇಬ್ಬರ ಮುಂದೆಯೂ ನಾಳೆ ತೋರಿಸಬೇಕಾದ ಕೆಲಸ ಇದೆ, ಇಬ್ಬರಿಗೂ ಬೇಸರ ಬರುತ್ತದೆ. ಶಾಲೆಯ ಮಕ್ಕಳಿಗೂ ಹಿರಿಯರಿಗೂ ಸ್ನೇಹ ಬೆಳೆಸಬೇಕು ಎಂದು ಹೊರಡುವ ಯಾವ ಕಾರ್ಯಕ್ರಮವನ್ನಾದರೂ ನಾನು ಈ ಅಳತೆಗೋಲಿನಿಂದಲೇ ನೋಡುತ್ತೇನೆ: ಅಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳಬಹುದೇ?

ಹಾಗಂತ ಫಾಂಗಣೆಗೆ ಪೂರ್ತಿ ಅಂಕ ಕೊಡಲಾಗದು. ಈ ಸ್ನೇಹ ಅಲ್ಲಿ ತಾನಾಗಿ ಹುಟ್ಟಿದ್ದು, ಯೋಜನೆಯ ಭಾಗವಾಗಿ ಅಲ್ಲ. ಮಗ ಸೊಸೆ ಮಕ್ಕಳನ್ನು ಕರೆದುಕೊಂಡು ಪಟ್ಟಣ ಸೇರಿದ್ದರೆ ಆ ಮನೆಯ ಅಜ್ಜಿಗೆ ಸಂಜೆ ಸ್ಲೇಟೊಂದೇ ಜೊತೆ. ನೆರೆಮನೆಯ ಮಗುವನ್ನು ಆಕೆಯ ಪಕ್ಕ ಕೂರಿಸುವ ಏರ್ಪಾಡು ಶಾಲೆಯ ಲೆಕ್ಕಾಚಾರದಲ್ಲಿಲ್ಲ. ಇನ್ನು ಅಜ್ಜಂದಿರಿಗೆ ಈ ಶಾಲೆಯಲ್ಲಿ ಜಾಗವಿಲ್ಲ. ಶಾಲೆಯ ಮುಖವನ್ನೇ ನೋಡಲು ಬಿಡದ ಹೆಂಗಸರಿಗೆ ಮೊದಲ ಪಾಳಿ ಸಿಕ್ಕಿದ್ದು ನ್ಯಾಯವೇ ಸರಿ. ಆದರೆ ಮುಪ್ಪಿನಲ್ಲಿ ಮಾತಿಗೆ ಜನ ಸಿಗದೆ ಒದ್ದಾಡುವುದರಲ್ಲಿ ಗಂಡಸರೇನೂ ಹಿಂದಿಲ್ಲ.

ಕೇರಳದ ಕಾರ್ತ್ಯಾಯನಿ ಅಮ್ಮನ ವಿಷಯದಲ್ಲೂ ಕ್ಯಾಮೆರಾ ಹೀಗೆಯೇ ಬೇರೆ ಕಡೆ ತಿರುಗಿತು. 2018ರಲ್ಲಿ, 96ನೇ ವಯಸ್ಸಿನಲ್ಲಿ, ‘ಅಕ್ಷರಲಕ್ಷಂ’ ಸಾಕ್ಷರತಾ ಪರೀಕ್ಷೆಯಲ್ಲಿ ಆಕೆ 100ಕ್ಕೆ 98 ಅಂಕ ತೆಗೆದರು. ಆಮೇಲೆ ನಾರೀಶಕ್ತಿ ಪುರಸ್ಕಾರವೂ ಬಂತು. ಅಂಕ ಎಲ್ಲರಿಗೂ ನೆನಪಿದೆ. ಮನೆಯಲ್ಲಿ ಕೂತು ಓದಿಗೆ ನೆರವಾದ ಶಾಲೆಗೆ ಹೋಗುವ ಮರಿಮಕ್ಕಳು ಸುದ್ದಿಯ ಕೊನೆಯ ಸಾಲಿನಲ್ಲಿ ಉಳಿದರು.

ಈ ಸಂಬಂಧವನ್ನು ಹತ್ತಿರದಿಂದ ಹಿಡಿದ ಬರಹ ನಮ್ಮವರದೇ ಒಂದಿದೆ. ಸುಧಾ ಮೂರ್ತಿ ಅವರು ತಮ್ಮ ಅಜ್ಜಿಗೆ ಓದು ಕಲಿಸಿದ ಕಥೆಯನ್ನು ಇಂಗ್ಲಿಷ್‌ನಲ್ಲಿ ಬರೆದರು. ಅದು ಸಿಬಿಎಸ್‌ಇ ಮಕ್ಕಳಿಗೆ ಪಾಠವೂ ಆಯಿತು. ಉತ್ತರ ಕರ್ನಾಟಕದ ಹಳ್ಳಿ. ‘ಕರ್ಮವೀರ’ ವಾರಪತ್ರಿಕೆಯಲ್ಲಿ ಬರುತ್ತಿದ್ದ ತ್ರಿವೇಣಿಯವರ ‘ಕಾಶೀಯಾತ್ರೆ’ ಕಾದಂಬರಿಯನ್ನು ಹನ್ನೆರಡರ ಹುಡುಗಿ ವಾರ ವಾರ ಅಜ್ಜಿಗೆ ಓದಿ ಹೇಳುತ್ತಾಳೆ. ಹುಡುಗಿ ಮದುವೆಗೆಂದು ಪಕ್ಕದ ಊರಿಗೆ ಹೋದ ವಾರವೂ ಪತ್ರಿಕೆ ಬರುತ್ತದೆ. ಅಜ್ಜಿ ಪುಟ ಬಿಚ್ಚುತ್ತಾಳೆ, ಚಿತ್ರ ನೋಡುತ್ತಾಳೆ, ಒಂದಕ್ಷರ ತಿಳಿಯುವುದಿಲ್ಲ. ದಸರೆಯ ಸರಸ್ವತಿ ಪೂಜೆಯೊಳಗೆ ಓದು ಕಲಿತೇ ತೀರುತ್ತೇನೆ ಎಂದು ಹಟ ಹಿಡಿಯುತ್ತಾಳೆ.

ಕೊನೆಯಲ್ಲಿ ಅಜ್ಜಿ ಮೊಮ್ಮಗಳ ಕಾಲಿಗೆ ನಮಸ್ಕರಿಸುವ ಸನ್ನಿವೇಶವಿದೆ. ಈ ಪಾಠದ ಬಗ್ಗೆ ಮಾತಾಡುವವರೆಲ್ಲ ಅಲ್ಲಿಗೇ ಬಂದು ನಿಂತು ಕಣ್ಣು ಒರೆಸಿಕೊಳ್ಳುತ್ತಾರೆ. ನನಗೆ ಆ ಭಾಗ ಸ್ವಲ್ಪ ಸಿಹಿ ಜಾಸ್ತಿ. ಕಥೆಯ ಜೀವ ಇರುವುದು ಅದಕ್ಕೂ ಮೊದಲು, ಅರವತ್ತೆರಡು ವರ್ಷವಾಯಿತು, ಕೂದಲು ನೆರೆಯಿತು, ಈಗ ನಿನಗೆ ಓದು ಬೇಕೇ ಎಂದು ಹುಡುಗಿ ಅಜ್ಜಿಯನ್ನು ಆಡಿಕೊಳ್ಳುವಲ್ಲಿ. ಅಜ್ಜಿ ಸಿಟ್ಟಾಗುವುದಿಲ್ಲ, ನಗುತ್ತಾಳೆ. ಆ ಸಲಿಗೆ ವಾರ ವಾರ ಕೂತು ಓದಿದ್ದರಿಂದ ಬಂದದ್ದು. ಅದಿಲ್ಲದಿದ್ದರೆ ಕೊನೆಯ ನಮಸ್ಕಾರ ಬರೀ ಶಾಸ್ತ್ರವಾಗುತ್ತಿತ್ತು.

ನಮ್ಮ ಶಾಲೆಗಳು ಈ ಕೊನೆಯ ದೃಶ್ಯವನ್ನಷ್ಟೇ ಕತ್ತರಿಸಿ ಇಟ್ಟುಕೊಂಡಿವೆ. ‘ಅಜ್ಜ-ಅಜ್ಜಿಯರ ದಿನ’ ಎಂದು ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ತಟ್ಟೆ, ತಂಬಿಗೆ, ಮೈಕಿನಲ್ಲಿ ಹೇಳಿದಂತೆ ಅರಿಸಿನ ಕುಂಕುಮ ಹಚ್ಚಿ ಪಾದಪೂಜೆ. ಬಗ್ಗಿದ ಮಗುವಿನ ಕಣ್ಣು ಅಜ್ಜಿಯ ಮುಖದ ಮೇಲಿರುವುದಿಲ್ಲ, ಫೋಟೊ ತೆಗೆಯುವವರ ಮೇಲಿರುತ್ತದೆ. ಅಜ್ಜ-ಅಜ್ಜಿ ಇಲ್ಲದ ಅಥವಾ ದೂರದ ಊರಲ್ಲಿರುವ ಮಗು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತದೆ. ವೃದ್ಧಾಶ್ರಮದ ಭೇಟಿ ಇದಕ್ಕಿಂತ ಕಷ್ಟ. ಬಸ್ಸು ಬಂದು ನಿಲ್ಲುತ್ತದೆ, ಬಾಳೆಹಣ್ಣು ಬ್ರೆಡ್ಡಿನ ಕವರು ಕೈಯಿಂದ ಕೈಗೆ ಹೋಗುತ್ತದೆ, ಎರಡು ಹಾಡು, ಒಂದು ಗ್ರೂಪ್ ಫೋಟೊ. ನಿಮ್ಮ ಮಕ್ಕಳು ಯಾಕೆ ಬರುವುದಿಲ್ಲ ಎಂದು ಒಂದು ಮಗು ಕೇಳಿಯೇ ಬಿಡುತ್ತದೆ, ಟೀಚರ್ ಗಾಬರಿಯಾಗುತ್ತಾರೆ. ಬಸ್ಸು ಹೊರಟಾಗ ಕವರು ಕೊಟ್ಟವರ ಹೆಸರು ತೆಗೆದುಕೊಂಡವರಿಗೆ ಗೊತ್ತಿರುವುದಿಲ್ಲ, ಅವರದು ಇವರಿಗೂ. ಮಕ್ಕಳು ಅಲ್ಲಿ ಕಲಿಯುವುದು ಕನಿಕರ. ಅದೂ ಬೇಕಾದ ಗುಣವೇ, ಆದರೆ ಕನಿಕರಪಟ್ಟವರ ಜೊತೆ ಯಾರೂ ಆಟಕ್ಕೆ ಕೂರುವುದಿಲ್ಲ.

ಬ್ರಿಟನ್ನಿನ ಚಾನೆಲ್ 4 ವಾಹಿನಿ 2017ರಲ್ಲಿ ಬ್ರಿಸ್ಟಲ್ ನಗರದ ಹಿರಿಯರ ವಸತಿಯೊಂದರಲ್ಲಿ ಹತ್ತು ಮಂದಿ ನಾಲ್ಕು ವರ್ಷದ ಮಕ್ಕಳನ್ನು ಆರು ವಾರ ಬಿಟ್ಟು, ಹಿರಿಯರ ಮನಸ್ಸಿನ ಸ್ಥಿತಿಯನ್ನೂ ಓಡಾಟದ ಶಕ್ತಿಯನ್ನೂ ಮೊದಲು ಮತ್ತು ಆಮೇಲೆ ಅಳೆಯಿತು. ಬಹುಪಾಲು ಏರಿಕೆಯೇ ಕಂಡಿತು. ಟಿವಿ ಕಾರ್ಯಕ್ರಮವಾದ್ದರಿಂದ ಕಣ್ಣೀರಿನ ಹಿಂದೆ ಪಿಯಾನೊ ಇದ್ದೇ ಇರುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಆದರೂ ಒಂದು ಮಾತು ಒಪ್ಪಲೇಬೇಕು: ಮಕ್ಕಳು ದಿನವೂ ಬರುತ್ತಿದ್ದರು, ಬಂದದ್ದು ಏನನ್ನಾದರೂ ಕೊಟ್ಟು ಹೋಗಲು ಅಲ್ಲ. ಟೋಕಿಯೋದ ಕೊತೋಎನ್ ಎಂಬ ಸಂಸ್ಥೆಯಲ್ಲಿ 1976ರಿಂದಲೂ ಶಿಶುವಿಹಾರ, ವೃದ್ಧಾಶ್ರಮ ಎರಡೂ ಒಂದೇ ಸೂರಿನಡಿ ಇವೆ. ಅಲ್ಲಿ ‘ಭೇಟಿ’ಯ ಪ್ರಶ್ನೆಯೇ ಏಳದು.

ಅಂಥ ಕಟ್ಟಡ ಕಟ್ಟಲು ನಮ್ಮಲ್ಲಿ ದುಡ್ಡೆಲ್ಲಿ ಎನ್ನುವವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ ತೋರಿಸಬೇಕು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಇಲ್ಲಿ ಶಾಲಾಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಪೇಪರ್ ಓದಲು ಬರುವ ಅಜ್ಜಂದಿರು ಮೊದಲಿನಿಂದಲೂ ಇದ್ದರು. ಹೀಗೆ ಒಂದೇ ಕೋಣೆಯಲ್ಲಿ ಈ ಮೇಜಿಗೆ ಹಿರಿಯರು, ಆ ಮೇಜಿಗೆ ಮಕ್ಕಳು, ನಡುವೆ ‘ಶಬ್ದ ಮಾಡಬೇಡಿ’ ಎಂಬ ಫಲಕ. ಅಪರಿಚಿತರ ಜೊತೆ ಮಕ್ಕಳನ್ನು ಬಿಡುವುದು ಹೇಗೆ ಎಂದು ಹೆದರುವ ಹೆಡ್‌ಮೇಷ್ಟ್ರ ಅಳುಕು ಸುಳ್ಳಲ್ಲ, ಅದನ್ನು ಹಳೇಕಾಲದ ಒಳ್ಳೆಯತನದ ಹೆಸರಲ್ಲಿ ತಳ್ಳಿಹಾಕುವಂತಿಲ್ಲ. ಗ್ರಂಥಾಲಯವಾದರೆ ಬಾಗಿಲು ತೆರೆದ, ನಾಲ್ಕು ಜನ ಓಡಾಡುವ, ಮೇಲ್ವಿಚಾರಕರು ಕೂತಿರುವ ಜಾಗ.

ಮಾಡಲು ಕೆಲಸವೂ ಅಲ್ಲೇ ಬಿದ್ದಿದೆ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಲ್ಲೇ ಹೇಳುವ ಅಜ್ಜ ಇದ್ದಾರೆ. ಭಿನ್ನರಾಶಿ ಕಂಡರೆ ಬೆವರುವ ಆರನೇ ಕ್ಲಾಸಿನ ಹುಡುಗಿ ಇದ್ದಾಳೆ. ಸಂಧ್ಯಾ ಸುರಕ್ಷಾ ಪಿಂಚಣಿ ಜಮೆಯಾಯಿತೇ ಎಂದು ಮೊಬೈಲ್ ಮೆಸೇಜು ಓದಿಸಿಕೊಳ್ಳಲು ಅಜ್ಜ ಊರೆಲ್ಲ ಸುತ್ತುತ್ತಾರೆ. ಅದನ್ನು ಅವರೇ ಓದಿಕೊಳ್ಳುವಂತೆ ಆ ಹುಡುಗಿ ಎರಡು ವಾರದಲ್ಲಿ ಕಲಿಸಬಲ್ಲಳು. ಓಟಿಪಿ ಯಾರಿಗಾದರೂ ಹೇಳಿದರೆ ನೋಡಿ ಎಂದು ಗದರಲೂಬಲ್ಲಳು. ಸರ್ಕಾರಿ ಶಾಲೆಗಳಲ್ಲಿ ತಿಂಗಳಿಗೊಮ್ಮೆ ಮಕ್ಕಳು ಬ್ಯಾಗಿಲ್ಲದೆ ಬರುವ ‘ಸಂಭ್ರಮ ಶನಿವಾರ’ ಈಗಾಗಲೇ ಇದೆ. ಆರಂಭಕ್ಕೆ ಆ ದಿನ ಆದೀತು. ಆದರೆ ತಿಂಗಳಿಗೊಂದು ದಿನ ಸಾಲದು. ಮುಂದಿನ ಶನಿವಾರ ಯಾರೂ ಹೇಳದೆ ಆ ಹುಡುಗಿ ಅದೇ ಮೇಜಿಗೆ ಬಂದಳೇ, ಬರದಿದ್ದರೆ ಅಜ್ಜ ಯಾಕಮ್ಮ ಬರಲಿಲ್ಲ ಎಂದು ವಿಚಾರಿಸಿದರೇ ಎಂಬುದನ್ನು ಶಾಲೆಯವರು ಫೋಟೊ ಅಪ್‌ಲೋಡ್ ಮಾಡುವ ಮೊದಲು ನೋಡಿಕೊಳ್ಳಲಿ.