‘ವಂಶವೃಕ್ಷ’ದಲ್ಲಿ ಕಾಲೇಜಿನ ಪ್ರಣಯ

ಕನ್ನಡ ಕಾದಂಬರಿಯಲ್ಲಿ ತರುಣ ತರುಣಿಯರು ಒಬ್ಬರನ್ನೊಬ್ಬರು ಕಾಣುವ ಎಡೆಯು ಬಹುಕಾಲ ನೆಂಟರ ಮನೆಯೇ ಆಗಿದ್ದಿತು. 1936ರಲ್ಲಿ ಪ್ರಕಟವಾದ ಕುವೆಂಪುರವರ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯನು ಮೈಸೂರಿನಲ್ಲಿ ಓದುವ ವಿದ್ಯಾರ್ಥಿ, ಆದರೂ ಅವನ ಅನುರಾಗವು ಬೆಳೆಯುವುದು ಮಲೆನಾಡಿನಲ್ಲಿ, ಮುತ್ತಳ್ಳಿಯ ಸೀತೆಯ ಸನ್ನಿಧಿಯಲ್ಲಿ. ಪಟ್ಟಣವು ಅವನಿಗೆ ಗ್ರಂಥಗಳನ್ನೂ ಆದರ್ಶಗಳನ್ನೂ ಕೊಟ್ಟಿತೇ ಹೊರತು ಒಲವನ್ನು ಕೊಡಲಿಲ್ಲ. ಕಾಲೇಜಿನ ಆವರಣದಲ್ಲಿಯೇ ಹುಟ್ಟಿ, ಅಲ್ಲಿಯೇ ಬೆಳೆದು, ಮನೆಯ ಬಾಗಿಲಿಗೆ ಬಂದು ನ್ಯಾಯವನ್ನು ಬೇಡುವ ಪ್ರಣಯವನ್ನು ಗಂಭೀರವಾಗಿ ಪರೀಕ್ಷಿಸಿದ ಕೃತಿಗಳಲ್ಲಿ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವು ಮುಖ್ಯವಾದುದು. 1965ರ ಈ ಕಾದಂಬರಿಯನ್ನು ಧರ್ಮದ ಗ್ರಂಥವೆಂದು ಹೊಗಳಿದವರೂ ಉಂಟು, ಹಳೆಯ ಮಡಿಯ ಗ್ರಂಥವೆಂದು ತೆಗಳಿದವರೂ ಉಂಟು. ಅದರಲ್ಲಿ ಕಾಲೇಜು ಎಂಬ ಸ್ಥಳವು ಮಾಡುವ ಕೆಲಸವೇನೆಂಬುದನ್ನು ಈ ಎರಡು ಪಕ್ಷದವರೂ ಅಷ್ಟಾಗಿ ನೋಡಿದಂತೆ ಕಾಣುವುದಿಲ್ಲ.

ಕಥೆಯು ಬಲ್ಲವರಿಗೆ ಹೊಸದಲ್ಲ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ನಂಜುಂಡನು ಕಪಿಲಾನದಿಯಲ್ಲಿ ಮುಳುಗಿ ತೀರಿಹೋಗುತ್ತಾನೆ. ಎಳೆಯ ಮಗುವಿನ ತಾಯಿಯಾದ ಅವನ ಪತ್ನಿ ಕಾತ್ಯಾಯನಿಯು ಕಾಲೇಜಿಗೆ ಸೇರಿ ಓದಬೇಕೆಂದು ಬಯಸುತ್ತಾಳೆ, ಶ್ರೋತ್ರಿಗಳು ಒಪ್ಪುತ್ತಾರೆ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರಿನ ರೈಲುದಾರಿ. ಈ ಅಲ್ಪ ದೂರವನ್ನು ಗ್ರಂಥಕರ್ತರು ಬಹು ಕುಶಲತೆಯಿಂದ ಬಳಸಿಕೊಂಡಿದ್ದಾರೆ. ಬೆಳಗ್ಗೆ ಹೊರಟವಳು ಸೊಸೆ, ತಾಯಿ, ವಿಧವೆ; ರೈಲಿಳಿದವಳು ವಿದ್ಯಾರ್ಥಿನಿ; ಸಂಜೆಗೆ ಮರಳಿ ಸೊಸೆ. ಹಾಸ್ಟೆಲಿನಲ್ಲಿ ನಿಂತು ಓದುವ ಹುಡುಗಿಗೆ ಈ ಇಬ್ಬಗೆಯ ಬಾಳು ಇಷ್ಟು ತೀಕ್ಷ್ಣವಾಗಿ ತಟ್ಟದು. ಕಾತ್ಯಾಯನಿಯಾದರೋ ದಿನಕ್ಕೆರಡಾವೃತ್ತಿ ಈ ಗಡಿಯನ್ನು ದಾಟಬೇಕು, ಮತ್ತು ಮನೆಯವರು ಅವಳ ಮೇಲಿಟ್ಟ ವಿಶ್ವಾಸವನ್ನು ಪುಸ್ತಕಗಳೊಂದಿಗೆ ಹೊತ್ತುಕೊಂಡೇ ದಾಟಬೇಕು. ಅವಳ ಮನಸ್ಸು ಅಲ್ಲಿ ರಾಜನ ಕಡೆಗೆ ಒಲಿಯುವುದು ಆಕಸ್ಮಿಕವೆನ್ನಿಸದೆ ಸಹಜವೆನ್ನಿಸುವುದಕ್ಕೆ ಈ ಸಿದ್ಧತೆಯೇ ಕಾರಣ.

ರಾಜನು ಆಕೆಯ ಸಹಪಾಠಿಯಲ್ಲ, ಅಧ್ಯಾಪಕ. ಇಂದಿನ ವಾಚಕನು ಇಲ್ಲಿ ಒಂದು ಕ್ಷಣ ತಡೆದು ನಿಲ್ಲುವನು. ಗುರುವಿನ ಅಧಿಕಾರವೂ ಶಿಷ್ಯೆಯ ಅನುರಾಗವೂ ಒಂದೆಡೆ ಕೂಡಿದಾಗ ಏಳಬೇಕಾದ ಪ್ರಶ್ನೆಯನ್ನು ಕಾದಂಬರಿಯು ಎತ್ತುವುದೇ ಇಲ್ಲ. ಅದಕ್ಕೆ ಬೇರೊಂದು ಪ್ರಶ್ನೆಯು ಹಿರಿದಾಗಿ ಕಂಡಿದೆ: ಪ್ರಕೃತಿಯ ಕರೆಯು ದೊಡ್ಡದೋ, ವಂಶದ ಕಟ್ಟು ದೊಡ್ಡದೋ ಎಂಬುದು. ನಾಟಕದಲ್ಲಿ ಆಸಕ್ತನಾದ ರಾಜನು ಪ್ರಕೃತಿಯ ಪಕ್ಷವನ್ನು ಹಿಡಿದು ಸೊಗಸಾಗಿ ಮಾತನಾಡಬಲ್ಲ. ಕಾದಂಬರಿಯ ದೊಡ್ಡ ಕೊರತೆಯು ಇಲ್ಲಿಯೇ ಇದೆ. ಕಾತ್ಯಾಯನಿಗೆ ಗ್ರಂಥಕರ್ತರು ಬಯಕೆಯನ್ನು ಕೊಟ್ಟಿದ್ದಾರೆ, ಅಳುಕನ್ನು ಕೊಟ್ಟಿದ್ದಾರೆ, ದುಃಖವನ್ನಂತೂ ಧಾರಾಳವಾಗಿಯೇ ಕೊಟ್ಟಿದ್ದಾರೆ; ಸ್ವಂತ ವಿಚಾರವನ್ನು ಮಾತ್ರ ಕೊಡಲಿಲ್ಲ. ಅವಳು ಮುಂದೆ ಹೆಜ್ಜೆಯಿಡುವಾಗ ರಾಜನ ಮಾತಿನಲ್ಲಿ ಯೋಚಿಸುತ್ತಾಳೆ, ಹಿಂದೆ ನೋಡುವಾಗ ಮಾವನವರ ಮಾತಿನಲ್ಲಿ ಯೋಚಿಸುತ್ತಾಳೆ. ಪದವಿಯನ್ನು ಪಡೆದು ಮುಂದೆ ತಾನೇ ಅಧ್ಯಾಪಿಕೆಯಾದ ಹೆಂಗಸಿಗೆ ಓದು ತಂದುಕೊಟ್ಟ ನುಡಿಯು ಯಾವುದು? ತನ್ನ ಶರೀರವನ್ನು ಕುರಿತು, ತನ್ನ ವೈಧವ್ಯವನ್ನು ಕುರಿತು ಅವಳು ತಾನಾಗಿ ಕಂಡುಕೊಂಡುದೇನು? ವಾಚಕನು ಪುಟಪುಟವನ್ನೂ ಶೋಧಿಸಿದರೂ ಉತ್ತರವು ದೊರೆಯುವುದು ಕಷ್ಟ.

ಇದಕ್ಕೆ ಎದುರಾಗಿ ಶ್ರೋತ್ರಿಗಳ ಪಾತ್ರವನ್ನು ನೋಡಬೇಕು. ಅವರು ಗದರುವ ಮಾವನಲ್ಲ. ಹೆಂಡತಿ ಭಾಗೀರಥಮ್ಮನಿಗೆ ಮಗನನ್ನು ಹೆತ್ತ ಮೇಲೆ ದಾಂಪತ್ಯಸುಖವು ಕೂಡದೆಂದಾದಾಗ, ಮನೆಯ ಲಕ್ಷ್ಮಿಯನ್ನು ಸ್ವೀಕರಿಸುವಂತೆ ಆಕೆಯೇ ಹೇಳಿದರೂ, ಮನಸ್ಸು ಹೊಯ್ದಾಡಿದರೂ, ತಮ್ಮನ್ನು ತಡೆದುಕೊಂಡವರು. ದೇಹದ ಹಸಿವನ್ನು ಅರಿಯದವರ ವೈರಾಗ್ಯವಲ್ಲ ಅದು. ಆದುದರಿಂದಲೇ ಅವರ ಮೌನಕ್ಕೆ ತೂಕವಿದೆ. ಸೊಸೆಯ ನಿಶ್ಚಯವು ತಮ್ಮ ಮುಂದೆ ಬಂದಾಗ ಅವರು ಕದವಿಕ್ಕುವುದಿಲ್ಲ, ಶಪಿಸುವುದಿಲ್ಲ. ಮಗು ಚೀನಿಯ ವಿಷಯವನ್ನು ಕೂಡ ಅವಳ ವಿವೇಚನೆಗೇ ಬಿಡುತ್ತಾರೆ. ಅವಳು ಮಗುವನ್ನು ಬಿಟ್ಟು ಹೋಗುತ್ತಾಳೆ. ಕಾದಂಬರಿಯಲ್ಲಿ ಇದಕ್ಕಿಂತ ಉತ್ತಮವಾದ ಸನ್ನಿವೇಶವಿಲ್ಲ. ಬಲವಂತವನ್ನು ಎದುರಿಸಿ ನಿಲ್ಲುವುದು ತರುಣರಿಗೆ ಸುಲಭ. ಔದಾರ್ಯವನ್ನು ಎದುರಿಸಿ ನಿಲ್ಲುವುದು ಹೇಗೆ? ಗದರಿಸಿದ್ದರೆ ಕಾತ್ಯಾಯನಿಯು ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟಿಬಿಡುತ್ತಿದ್ದಳೋ ಏನೋ. ಸ್ವಾತಂತ್ರ್ಯವನ್ನು ಕೊಟ್ಟವರು ಆ ಸ್ವಾತಂತ್ರ್ಯದಲ್ಲಿ ಅವಳನ್ನು ಒಂಟಿಯಾಗಿ ನಿಲ್ಲಿಸಿದರು.

ಇದೇ ಕಾಲೇಜಿನ ನೆರಳಿನಲ್ಲಿ ಬೆಳೆಯುವ ಇನ್ನೊಂದು ಸಂಬಂಧವೂ ಗ್ರಂಥದಲ್ಲಿದೆ. ರಾಜನ ಅಣ್ಣ ಸದಾಶಿವರಾಯರು ಇತಿಹಾಸದ ವಿದ್ವಾಂಸರು, ಭಾರತದ ಸಂಸ್ಕೃತಿಯನ್ನು ಕುರಿತ ಬೃಹದ್ಗ್ರಂಥವನ್ನು ಸಂಪುಟ ಸಂಪುಟವಾಗಿ ರಚಿಸುವ ಸಂಕಲ್ಪವುಳ್ಳವರು. ಸಿಂಹಳದಿಂದ ಸಂಶೋಧನೆಗಾಗಿ ಬಂದ ಕರುಣಾರತ್ನೆಯು ಅವರಿಗೆ ಸಹಾಯಕಳಾಗಿ, ಬಳಿಕ ಪತ್ನಿಯಾಗುತ್ತಾಳೆ. ಮೊದಲ ಹೆಂಡತಿ ನಾಗಲಕ್ಷ್ಮಿಯು ಬದುಕಿರುವಾಗಲೇ ಇದು ನಡೆಯುತ್ತದೆ. ಆ ಸಾಧ್ವಿಯು ಮೈದುನನ ಆಸರೆಯಲ್ಲಿ ರಾಮನಾಮವನ್ನು ಬರೆಯುತ್ತ ದಿನ ಕಳೆಯುತ್ತಾಳೆ. ಈ ಸಂಬಂಧವನ್ನು ಕುರಿತು ಗ್ರಂಥವು ಆಡುವ ಮಾತು ವಿದ್ವತ್ತಿನ ಮಾತು, ಹಸ್ತಪ್ರತಿಯ ಮಾತು, ಆಕರಗಳ ಮಾತು. ಶರೀರವು ಇಲ್ಲಿ ಹಿಂದೆ ಸರಿದಿದೆ. ಫಲದ ಕಡೆ ನೋಡಿದರಂತೂ ಭೇದವು ಇನ್ನೂ ಸ್ಪಷ್ಟ. ಸದಾಶಿವರಾಯರ ಎರಡನೆಯ ದಾಂಪತ್ಯದಿಂದ ಸಂಪುಟಗಳು ಹುಟ್ಟುತ್ತವೆ. ಕಾತ್ಯಾಯನಿಯ ಎರಡನೆಯ ದಾಂಪತ್ಯದಿಂದ ಹುಟ್ಟಬೇಕಾದ ಮಕ್ಕಳು ಮತ್ತೆ ಮತ್ತೆ ಗರ್ಭದಲ್ಲಿಯೇ ನಾಶವಾಗುತ್ತವೆ. ಕರುಣಾರತ್ನೆಯೂ ಸುಖವಾಗಿ ಉಳಿಯುವುದಿಲ್ಲ. ಆದುದರಿಂದ ಗ್ರಂಥಕರ್ತರು ಒಬ್ಬರಿಗೆ ವರವನ್ನೂ ಒಬ್ಬರಿಗೆ ಶಾಪವನ್ನೂ ಹಂಚಿದರೆನ್ನುವುದು ಅನ್ಯಾಯವಾದೀತು. ಆದರೂ ಜೀವಂತ ಪತ್ನಿಯನ್ನು ಬದಿಗಿಟ್ಟ ಗಂಡಸಿಗೆ ಪಶ್ಚಾತ್ತಾಪವು ಮನಸ್ಸಿನಲ್ಲಿ ಬರುತ್ತದೆ, ಸತ್ತ ಗಂಡನ ಮನೆಯನ್ನು ಬಿಟ್ಟ ಹೆಂಗಸಿಗೆ ಅದು ಗರ್ಭದಲ್ಲಿ ಬರುತ್ತದೆ. ಈ ಅಳತೆಗೋಲು ಒಂದೇ ಅಲ್ಲ. ವೈದ್ಯಶಾಸ್ತ್ರವು ಗರ್ಭಪಾತಕ್ಕೆ ಹೇಳುವ ಕಾರಣಗಳಲ್ಲಿ ಪುನರ್ವಿವಾಹವೆಂಬುದು ಇಲ್ಲವೆಂದು ಹೇಳಬೇಕಾದ ಅಗತ್ಯವೂ ಇಲ್ಲ.

ಹೀಗಿದ್ದರೂ ಕೃತಿಯು ವಾದದ ಮಟ್ಟಕ್ಕೆ ಇಳಿಯದಿರುವುದು ಒಂದು ಪ್ರಸಂಗದ ಬಲದಿಂದ. ವರ್ಷಗಳು ಕಳೆದು ಚೀನಿಯು ಬೆಳೆದು ಮೈಸೂರಿನ ಕಾಲೇಜಿಗೆ ಬರುತ್ತಾನೆ; ಪಾಠ ಹೇಳುವ ಅಧ್ಯಾಪಿಕೆಯು ಅವನನ್ನು ಹೆತ್ತವಳೇ. ಹಾಜರಿಯ ಪುಸ್ತಕದಲ್ಲಿ ಮಗನ ಹೆಸರನ್ನು ಕಾಣುವ ತಾಯಿಯ ಸ್ಥಿತಿಯನ್ನು ಊಹಿಸಿಕೊಂಡರೆ ಸಾಕು. ಯಾವ ಕೊಠಡಿಗಳು ಅವಳಿಗೆ ಬಿಡುಗಡೆಯ ಸ್ಥಳವಾಗಿದ್ದುವೋ ಅವೇ ನ್ಯಾಯಸ್ಥಾನವಾಗುತ್ತವೆ; ನಂಜನಗೂಡು ಬೆಂಚಿನ ಮೇಲೆ ಬಂದು ಕುಳಿತಿದೆ. ಅವಳು ಅವನ ಮನಸ್ಸನ್ನು ಅರಸುತ್ತಾಳೆ, ಅವನು ತೆರೆಯುವುದಿಲ್ಲ. ಹದಿಹರೆಯದ ಹುಡುಗನ ಆ ಮೊಂಡ ಮೌನವನ್ನು ಗ್ರಂಥಕರ್ತರು ವ್ಯಾಖ್ಯಾನದಿಂದ ಕೆಡಿಸಿಲ್ಲ. ಇಡೀ ಕಾದಂಬರಿಯಲ್ಲಿ ಧರ್ಮವನ್ನು ಕುರಿತ ಚರ್ಚೆಗಳು ಎಷ್ಟೋ ಇವೆ. ಕೆಲವು ದೀರ್ಘವೂ ಹೌದು. ಅವೆಲ್ಲವೂ ಸೇರಿ ಹೇಳಲಾರದುದನ್ನು ಈ ತರಗತಿಯ ದೃಶ್ಯವು ಹೇಳಿಬಿಟ್ಟಿದೆ.

ಕಡೆಯ ಭಾಗದಲ್ಲಿ ಶ್ರೋತ್ರಿಗಳು ತಮ್ಮ ಹುಟ್ಟಿನ ರಹಸ್ಯವನ್ನು ತಿಳಿಯುತ್ತಾರೆ: ತಾವು ಕಾಪಾಡಿಕೊಂಡು ಬಂದ ವಂಶದ ರಕ್ತವು ತಮ್ಮಲ್ಲಿಯೇ ಇಲ್ಲವೆಂಬುದು. ಹಳೆಯ ಮಡಿಯ ಗ್ರಂಥವೆಂದು ತೆಗಳುವವರು ಈ ಭಾಗವನ್ನು ಓದಿ ಮರೆತಂತಿದೆ. ಧರ್ಮಗ್ರಂಥವೆಂದು ಹೊಗಳುವವರು ಓದಿಯೂ ಓದದಂತೆ ದಾಟಿದ್ದಾರೆ. ವೃಕ್ಷದ ಬುಡದಲ್ಲಿಯೇ ಗಂಟುಬಿಟ್ಟಿರುವಾಗ ಕೊಂಬೆಯೊಂದು ಬೇರೆಡೆಗೆ ಬಾಗಿತೆಂದು ಸೊಸೆಯೊಬ್ಬಳು ತೆತ್ತ ಬೆಲೆ ಯಾರ ಲೆಕ್ಕಕ್ಕೆ? ಬಿ. ವಿ. ಕಾರಂತ, ಗಿರೀಶ ಕಾರ್ನಾಡರು ಕೂಡಿ ನಿರ್ದೇಶಿಸಿದ ಚಲನಚಿತ್ರವನ್ನು ನೋಡಿ ಮೂಲವನ್ನು ಕೈಗೆತ್ತಿಕೊಂಡವರೂ ಇದೇ ಪ್ರಶ್ನೆಯೊಡನೆ ಪುಸ್ತಕವನ್ನು ಮುಚ್ಚಬೇಕಾಗುವುದು.

ವಯಸ್ಸಿಗೆ ಬಂದವರು ತಮ್ಮ ಸಂಗಾತಿಯನ್ನು ತಾವೇ ಆರಿಸಿಕೊಳ್ಳಬಹುದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎತ್ತಿಹಿಡಿಯಿತು. ಇಂದಿನ ವಿದ್ಯಾರ್ಥಿನಿಗೆ ರಾಜನಂಥವನೊಡನೆ ಮಾತನಾಡಲು ಕಾಲೇಜಿನ ಮೊಗಸಾಲೆಯೂ ಬೇಕಿಲ್ಲ, ಕೈಯಲ್ಲಿರುವ ಫೋನೇ ಸಾಕು. ಆದರೂ ಸಂಜೆಯ ಬಸ್ಸಿನಲ್ಲೋ ರೈಲಿನಲ್ಲೋ ಊರಿಗೆ ಮರಳುವಾಗ ಮನೆಯಲ್ಲಿ ಏನನ್ನು ಹೇಳಬೇಕು, ಏನನ್ನು ನುಂಗಬೇಕೆಂದು ಅವಳೂ ಮನಸ್ಸಿನಲ್ಲಿಯೇ ಅಣಿಮಾಡಿಕೊಳ್ಳುತ್ತಾಳೆ. ಅಂಥವಳು ಈ ಕಾದಂಬರಿಯನ್ನು ಓದಿದರೆ ಶ್ರೋತ್ರಿಗಳನ್ನು ಗೌರವಿಸುವಳು, ರಾಜನನ್ನು ಸ್ವಲ್ಪ ಸಂದೇಹಿಸುವಳು, ಕಾತ್ಯಾಯನಿಯ ಬಾಯಿಂದ ಏನಾದರೂ ಕೇಳಬೇಕೆಂದು ಕಾಯುವಳು. ಕಾದುದಕ್ಕೆ ಅವಳಿಗೆ ದೊರೆಯುವುದು ಮರಣಶಯ್ಯೆಯ ದೃಶ್ಯ. ಮಗನು ತಾಯಿಯ ಬಾಯಿಗೆ ನೀರು ಬಿಡುತ್ತಾನೆ, ಕಾತ್ಯಾಯನಿಗೆ ಮಾತನಾಡುವ ಹೊತ್ತು ಆಗಲೇ ಮೀರಿರುತ್ತದೆ.