ಭೂಮಿ ನುಂಗದ ಬಾಲಕ

ಟೊಮಾಸ್ ರಿವೇರಾ ಅವರ ಬದುಕನ್ನು ಬಡತನದಿಂದ ಉನ್ನತ ಪದವಿಗೇರಿದವರ ಕಥೆಯಾಗಿ ಹೇಳುವುದು ವಾಡಿಕೆ. 1935ರಲ್ಲಿ ಟೆಕ್ಸಾಸ್‌ನ ಕ್ರಿಸ್ಟಲ್ ಸಿಟಿಯಲ್ಲಿ ಮೆಕ್ಸಿಕನ್ ವಲಸೆ ಕೂಲಿಕಾರರ ಮಗನಾಗಿ ಜನನ. ಸುಗ್ಗಿಯ ಜಾಡು ಹಿಡಿದು ಅಯೋವಾ, ಮಿನೆಸೋಟಾಗಳ ಹೊಲಗಳಿಗೆ ಕುಟುಂಬದೊಡನೆ ಅಲೆದಾಟ. 1969ರಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ಡಾಕ್ಟರೇಟ್. ಸ್ಪ್ಯಾನಿಷ್ ಸಾಹಿತ್ಯದ ಪ್ರಾಧ್ಯಾಪಕ ಹುದ್ದೆ. 1979ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ವಿಭಾಗದ ಕುಲಪತಿ ಸ್ಥಾನ. ಎಲ್ಲವೂ ನಿಜ. ಆದರೆ ಈ ಏಣಿಯನ್ನಷ್ಟೇ ಕೊಂಡಾಡುವವರು ಅವರ ಕಾದಂಬರಿಯನ್ನು ಓದಿದಂತೆ ಕಾಣುವುದಿಲ್ಲ.

ಮೊದಲ ಪದವಿಯನ್ನು ಇಂಗ್ಲಿಷಿನಲ್ಲಿ ಪಡೆದಿದ್ದ ರಿವೇರಾ, ‘ಭೂಮಿ ಅವನನ್ನು ನುಂಗಲಿಲ್ಲ’ ಎಂಬರ್ಥದ ಶೀರ್ಷಿಕೆಯ ಆ ಕೃತಿಯನ್ನು ತಮ್ಮ ಜನರ ಸ್ಪ್ಯಾನಿಷ್‌ನಲ್ಲಿಯೇ ಬರೆದರು. ಇಂಗ್ಲಿಷ್ ಅನುವಾದದೊಡನೆ ಅದು ಪ್ರಕಟವಾದದ್ದು 1971ರಲ್ಲಿ. ಅದರಲ್ಲಿ ಬಿಸಿಲಿನ ಝಳಕ್ಕೆ ತಂದೆ ಹಾಸಿಗೆ ಹಿಡಿದಿದ್ದಾನೆ. ಪುಟ್ಟ ತಮ್ಮನೂ ಹೊಲದಲ್ಲಿ ಕುಸಿಯುತ್ತಾನೆ. ಅವನನ್ನು ಹೊತ್ತು ಮನೆಗೆ ನಡೆಯುವ ಬಾಲಕ ದೇವರನ್ನು ಶಪಿಸುತ್ತಾನೆ. ಭೂಮಿ ಬಾಯಿ ಬಿಡುವುದಿಲ್ಲ. ಮರುದಿನ ತಂದೆಯೂ ತಮ್ಮನೂ ಚೇತರಿಸಿಕೊಳ್ಳುತ್ತಾರೆ.

ಇದನ್ನು ನಾಸ್ತಿಕತೆಯೆಂದು ತಳ್ಳಿಹಾಕುವುದು ಅವಸರದ ಓದು. ಬಾಲಕ ಕಳೆದುಕೊಂಡದ್ದು ಭಯವನ್ನು. ಆ ಭಯವನ್ನೇ ವಿಶ್ವಾಸವೆಂದು ಅವನಿಗೆ ಕಲಿಸಿದವರು ಯಾರೆಂಬುದು ನಮ್ಮಂಥವರು ಕೇಳಿಕೊಳ್ಳಬೇಕಾದ ಪ್ರಶ್ನೆ. ಯೋಬನು ದೇವರನ್ನು ಶಪಿಸಲಿಲ್ಲ, ನಿಜ. ಆದರೆ ತಾನು ಹುಟ್ಟಿದ ದಿನವನ್ನು ಶಪಿಸಿದನಲ್ಲವೇ?

ನನ್ನನ್ನು ಹೆಚ್ಚು ಕಾಡಿದ್ದು ಕೆಲವೇ ಸಾಲುಗಳ ಇನ್ನೊಂದು ಚಿತ್ರ. ಕೂಲಿಗಾಗಿ ಉತ್ತರಕ್ಕೆ ಹೊರಟವರ ವಾಹನಗಳನ್ನು ತಲಾ ಐದು ಡಾಲರ್ ಪಡೆದು ಆಶೀರ್ವದಿಸುವ ಗುರುವೊಬ್ಬರು ಆ ಹಣದಲ್ಲಿ ಬಾರ್ಸಿಲೋನಾದ ತವರಿಗೆ ಹೋಗಿಬರುತ್ತಾರೆ. ಅಲ್ಲಿನ ಆಧುನಿಕ ದೇವಾಲಯವೊಂದರ ಚಿತ್ರಗಳನ್ನು ತಂದು, ಜನ ಅಂಥದ್ದನ್ನೇ ಬಯಸಲೆಂದು, ಬಾಗಿಲಲ್ಲಿ ಅಂಟಿಸುತ್ತಾರೆ. ಕೆಲವೇ ದಿನಗಳಲ್ಲಿ ಅವುಗಳ ಮೇಲೆ ಗೀಚುಗಳು. ಗುರುವಿಗೆ ಕಾರಣ ಅರ್ಥವಾಗುವುದೇ ಇಲ್ಲ. ಪಾತ್ರ ತೀರಾ ತೆಳುವಾಯಿತೆಂಬುದು ನನ್ನ ಆಕ್ಷೇಪ. ಆದರೂ ಯಾಜಕರು ಓದಬೇಕಾದ ಪುಟ ಅದು!

ಆಡಳಿತದ ಭಾರದಲ್ಲಿ ಲೇಖಕ ಕಳೆದುಹೋದರೆಂದು ಮರುಗುವವರಿದ್ದಾರೆ. ಎರಡನೆಯ ಕಾದಂಬರಿ ಅಪೂರ್ಣವಾಗಿಯೇ ಉಳಿದದ್ದರಿಂದ ಆ ಮರುಕಕ್ಕೆ ಆಧಾರವಿದೆ. ಆದರೆ ಅಧ್ಯಾಪಕ ಕಳೆದುಹೋಗಿರಲಿಲ್ಲ. ಮನೆಯ ಸ್ಪ್ಯಾನಿಷನ್ನು ಬಿಟ್ಟುಕೊಡುವುದೇ ವಿದ್ಯೆಗೆ ತೆರಬೇಕಾದ ಬೆಲೆ ಎಂದು ರಿಚರ್ಡ್ ರೊಡ್ರಿಗಸ್ 1982ರ ತಮ್ಮ ಆತ್ಮಕಥನದಲ್ಲಿ ವಾದಿಸಿದಾಗ, ಕುಲಪತಿ ರಿವೇರಾ ವಿಮರ್ಶೆಯ ಮೂಲಕ ಉತ್ತರಿಸಿದರು. ನಮ್ಮ ‘ಇರು’ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾಪದಗಳು: ಸ್ವರೂಪಕ್ಕೆ ‘ಸೆರ್’, ಸ್ಥಿತಿಗೂ ಸ್ಥಾನಕ್ಕೂ ‘ಎಸ್ತಾರ್’. ಈ ವ್ಯಾಕರಣ ಭೇದವನ್ನೇ ಹಿಡಿದು ಅವರು ರೊಡ್ರಿಗಸ್‌ರ ವಾದವನ್ನು ಒರೆಗೆ ಹಚ್ಚಿದರು. ಆ ಲೇಖನ 1984ರದು. ಅದೇ ವರ್ಷದ ಮೇ 16ರಂದು, 48ನೆಯ ವಯಸ್ಸಿನಲ್ಲಿ, ಅವರು ಹೃದಯಾಘಾತದಿಂದ ತೀರಿಕೊಂಡರು. ರಿವರ್‌ಸೈಡ್‌ನ ಗ್ರಂಥಾಲಯವೊಂದಕ್ಕೆ ಈಗ ಅವರ ಹೆಸರಿದೆ.